ಹದಿನೇಳನೇ ಪ್ಲಾಟಿನ ಬೇವು

ಷರತ್ತು ಬರೆದವನು ತಾನೇ. ಅಂದಪ್ಪನ ಸಂಕಟಕ್ಕೆ ಅದೇ ಕಾರಣ.

ಐವತ್ತೈದನೇ ಇಸವಿಯಲ್ಲಿ ಬೆಟಗೇರಿಯ ನೇಕಾರರ ಸಂಘವೊಂದು ಊರ ಹೊರಗೆ ಹೊಸ ಓಣಿ ಮಾಡಲು ಜಾಗ ಹಿಡಿಯಿತು. ಅಂದಪ್ಪ ಸಂಘದ ಕಾರ್ಯದರ್ಶಿ. ಹೊಸ ದೇಶ, ಇನ್ನೇನು ಒಂದಾಗಲಿರುವ ಕರ್ನಾಟಕ, ಹೊಸ ಓಣಿ, ಎಲ್ಲ ಸೇರಿ ಅವನ ತಲೆಗೇರಿದ್ದವು. ಹಾಸು ಹೂಡಲು, ಅಂದರೆ ಮಗ್ಗಕ್ಕೇರಿಸುವ ನೂಲನ್ನು ಉದ್ದಕ್ಕೆ ಎಳೆದು ಕಟ್ಟಲು, ನೆರಳು ಬೇಕೆಂದು, ಅಲ್ಲಿದ್ದ ಹನ್ನೊಂದು ಬೇವಿನ ಗಿಡಗಳ ಸಲುವಾಗಿ ಸದಸ್ಯರಿಗೆ ಕೊಡುವ ಪ್ಲಾಟುಗಳ ಖರೀದಿ ಪತ್ರದಲ್ಲಿ ತನ್ನ ಕೈಯಾರೆ ಬರೆದ: ‘ತಾನಾಗಿ ಒಣಗಿದ ಹೊರತು ಗಿಡ ಕಡಿಯಕೂಡದು. ಕೇಡು ಮಾಡಿದವರ ಜಾಗ ಸಂಘಕ್ಕೆ ಮರಳತಕ್ಕದ್ದು.’ ಸಭೆ ಚಪ್ಪಾಳೆ ತಟ್ಟಿತು. ಆಮೇಲೆ ಚೀಟಿ ಎತ್ತಿದರು. ಅಂದಪ್ಪನಿಗೆ ಹದಿನೇಳನೇ ಪ್ಲಾಟು ಬಂತು. ಹನ್ನೊಂದರಲ್ಲಿ ಎಲ್ಲಕ್ಕಿಂತ ದಪ್ಪನೆಯ ಗಿಡ, ಎರಡು ಮಗ್ಗದ ಪಡಸಾಲೆ ಬರಬೇಕಾದ ಜಾಗದ ನಟ್ಟನಡುವೆ ನಿಂತಿತ್ತು.

"ಮಗ್ಗ ಎಲ್ಲಿ ಹಾಕ್ತೀರಿ, ಟೊಂಗಿ ಮ್ಯಾಲೆ?" ಎಂದಳು ಹೆಂಡತಿ ಸಾವಂತ್ರೆವ್ವ. "ಹಿಂದಕ್ಕ ಸರಿಸಿ ಸಣ್ಣ ಮನಿ ಕಟ್ಟೂಣು. ಒಂದು ಮಗ್ಗ ಸಾಕು."

ಅಂದಪ್ಪನಿಗೆ ಸಾಕಾಗಲಿಲ್ಲ. ಗಿಡ ತಾನಾಗಿ ಒಣಗಬೇಕು, ಅಷ್ಟೇ. ಕೊಡಲಿ ಗಾಯ ಉಳಿಸುತ್ತದೆ. ತೂತು ಕೊರೆದು ಇಂಗು ತುಂಬಿದರೆ ವಾಸನೆ ಓಣಿಯನ್ನೇ ಕರೆಯುತ್ತದೆ. ಉಪ್ಪು ಮಾತ್ರ ನೀರಿನಲ್ಲಿ ಕರಗಿದರೆ ನೀರೇ. ಪ್ರಾಯದಲ್ಲಿ ಉಪ್ಪಿನ ಸತ್ಯಾಗ್ರಹದ ಮೆರವಣಿಗೆಯಲ್ಲಿ ಗಂಟಲು ಹರಿಯುವಂತೆ ಕೂಗಿದವನು ಈಗ ಅದೇ ಉಪ್ಪನ್ನು ಎಂಥ ಕೆಲಸಕ್ಕೆ ಹಚ್ಚಿದ್ದಾನೆ ನೋಡು ಎಂದು ತನ್ನನ್ನೇ ಹಂಗಿಸಿಕೊಂಡ. ಹಂಗಿಸಿಕೊಂಡನೇ ಹೊರತು ಬಿಡಲಿಲ್ಲ.

ಸಂಕ್ರಾಂತಿ ಮುಗಿದ ಮೇಲೆ ಶುರು ಮಾಡಿದ. ಉಪ್ಪನ್ನು ಒಂದೇ ಅಂಗಡಿಯಲ್ಲಿ ಕೊಳ್ಳಲಿಲ್ಲ. ಸ್ವಲ್ಪ ಗದಗಿನ ಪೇಟೆಯಲ್ಲಿ, ಸ್ವಲ್ಪ ಲಕ್ಷ್ಮೇಶ್ವರದ ಸಂತೆಯಲ್ಲಿ. ಪ್ಲಾಟಿನ ತಗಡಿನ ಶೆಡ್ಡಿನೊಳಗೆ ಕದಡಿ, ಹಾಡುಹಗಲೇ, ಎಲ್ಲರ ಕಣ್ಣೆದುರು ಕೊಡಗಟ್ಟಲೆ ಬುಡಕ್ಕೆ ಸುರಿದ. ಬಿಳಿ ಕಾಣದಂತೆ ಮೇಲೆ ಮಣ್ಣೆಳೆದ, ಯಾರೂ ಹತ್ತಿರ ಬರದಂತೆ ಸುತ್ತ ಜಾಲಿಮುಳ್ಳು ಒಟ್ಟಿದ.

"ಹಡೆದ ಮಕ್ಕಳಿಗೂ ಯಾರೂ ಹಿಂಗ ನೀರು ಕುಡಸಂಗಿಲ್ಲ ನೋಡ್ರಿ ಕಾಕಾ," ಎಂದಳು ಪಕ್ಕದ ಪ್ಲಾಟಿನ ಅಂಬವ್ವ.

"ಏನ್ ಮಾಡೂದವ್ವಾ, ಷರತ್ತು ಬರದಾಂವ ನಾನಽ ಅಲ್ಲ?"

ಯುಗಾದಿಗೆ ಹತ್ತು ಗಿಡ ಹೂ ಬಿಟ್ಟವು. ಹದಿನೇಳರದು ಚಿಗುರಲೂ ಇಲ್ಲ. ಬೇವು ತರಲು ಪಕ್ಕದ ಪ್ಲಾಟಿಗೆ ಹೋದ ಅಂದಪ್ಪ, ಮರಳಿ ಬಂದು ತನ್ನ ಗಿಡದ ಬೊಡ್ಡೆಯ ಮೇಲೆ ಕೈ ಇಟ್ಟ. ಸಂಘದ ಕಮಿಟಿಯ ಮುಂದೆ ಅಳಲು ಅಭ್ಯಾಸ ಮಾಡಬೇಕೆಂದಿದ್ದ ಮುಖಕ್ಕೆ ಖರೆ ಅಳುವೇ ಬಂತು. ಅದನ್ನೂ ಉಪಯೋಗಕ್ಕೆ ಇಟ್ಟುಕೊಂಡ.

ಗಿಡ ತಾನಾಗಿ ಒಣಗಿದೆ, ಕಡಿಯಲು ಪರವಾನಗಿ ಬೇಕು ಎಂದು ಮೇ ತಿಂಗಳಲ್ಲಿ ಅರ್ಜಿ ಕೊಟ್ಟ. ನೋಡಲು ಸಂಘದ ಅಧ್ಯಕ್ಷ ಗೋವಿಂದಪ್ಪನವರು ಲಾಡಸಾಬನ ಎತ್ತಿನ ಚಕ್ಕಡಿಯಲ್ಲಿ ಬಂದರು. ಅಂದು ಬೆಳಿಗ್ಗೆ ಅಂದಪ್ಪ ಮುಳ್ಳನ್ನೆಲ್ಲ ತೆಗೆದು ಜಾಗ ಹಸನು ಮಾಡಿದ್ದ. ಗೋವಿಂದಪ್ಪನವರು ಒಣಗಿದ ಟೊಂಗೆ ಮುರಿದು ನೋಡಿ, ಅಂದಪ್ಪನ ಹೆಗಲು ತಟ್ಟಿದರು.

"ನೀ ನೀರು ಹಾಕಿ ಎಷ್ಟು ಜ್ವಾಕಿ ಮಾಡಿದ್ದಿ ಅನ್ನೂದು ಊರಿಗೇ ಗೊತ್ತೈತಿ. ಮನಸಿಗೆ ಹಚ್ಚಿಕೋಬ್ಯಾಡ. ತಾ ಕಾಗದ, ಸಹಿ ಮಾಡತೀನಿ."

ಪೆನ್ನಿನ ಟೋಪಿ ತೆಗೆದದ್ದೂ ಆಯಿತು. ಅಷ್ಟರಲ್ಲಿ ಲಾಡಸಾಬ ನೊಗದಿಂದ ಬಿಚ್ಚಿದ್ದ ಎತ್ತೊಂದು ನೇರ ಗಿಡದ ಬುಡಕ್ಕೆ ಹೋಗಿ, ಮೂತಿಯಿಂದ ಮಣ್ಣು ಸರಿಸಿ, ಕಣ್ಣು ಮುಚ್ಚಿ ನೆಕ್ಕತೊಡಗಿತು. ಲಾಡಸಾಬ ಹಗ್ಗ ಜಗ್ಗಿದ, ಬಾಲ ತಿರುವಿದ. ಅದು ಕದಲಲಿಲ್ಲ. ಇನ್ನೊಂದೂ ಬಂದು ಜೊತೆಗೂಡಿತು. ಮೂರು ತಲೆಮಾರಿನಿಂದ ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕೂತ ಮನೆತನ ಅಂದಪ್ಪನದು. ಮನೆಯಲ್ಲಿ ಒಂದು ಕರು ಕಟ್ಟಿದವರಿಲ್ಲ. ಲಾಡಸಾಬ ನಗುತ್ತ ಹಗ್ಗ ಕೈಬಿಟ್ಟು, "ಇವು ಇನ್ನ ಬರಂಗಿಲ್ಲರೀ ಯಜಮಾನ್ರ. ಉಪ್ಪು ಅಂದ್ರ ದನಕ್ಕ ಜೀವ. ಇಲ್ಲಿ ಯಾರೋ ಚೀಲಗಟ್ಟಲೆ ಸುರದಾರ," ಎಂದ. ಗೋವಿಂದಪ್ಪನವರು ಪೆನ್ನಿಗೆ ಟೋಪಿ ಹಾಕಿದರು. ನಿಧಾನಕ್ಕೆ ಕುಕ್ಕರಗಾಲಿನಲ್ಲಿ ಕೂತು, ಬೆರಳಿಗೆ ಚೂರು ಮಣ್ಣು ತಗುಲಿಸಿಕೊಂಡು, ಅಂದಪ್ಪನ ಮುಖವನ್ನೇ ನೋಡುತ್ತ ನಾಲಿಗೆಗೆ ಹಚ್ಚಿದರು.