ಒಂಬತ್ತಕ್ಕೆ ನಿಂತ ರಾಕೆಟ್

"ಹನ್ನೊಂದು! ಹತ್ತು! ಒಂಬತ್ತು!"

ಇಡೀ ಶಾಲೆ ಟೀವಿಯ ಮುಂದೆ ಕಿರುಚುತ್ತಿತ್ತು. ಎಲ್ಲರಿಗಿಂತ ಜೋರು ಚಿನಕುರುಳಿಯ ಗಂಟಲು. ಇರದೆ ಏನು! ಅವಳ ಅಮ್ಮ ಆ ರಾಕೆಟ್ ಕೇಂದ್ರದಲ್ಲಿ ಇಂಜಿನಿಯರ್. ರಾಕೆಟ್ಟೇನೋ ಪುಟ್ಟದೇ. ಮೇಲೆ ಹೋಗಿ, ಅಲ್ಲಿನ ಗಾಳಿಯನ್ನು ಅಳೆದು, ಸಮುದ್ರಕ್ಕೆ ಬೀಳುವಂಥದು. ಅದರ ಹೊಟ್ಟೆಯಲ್ಲಿರುವ ಇಂಧನ ಒಂದು ತೊಟ್ಟೂ ಸೋರದಂತೆ ನೋಡಿಕೊಳ್ಳುವುದು ಅಮ್ಮನ ಕೆಲಸ. ಇದನ್ನು ಚಿನಕುರುಳಿ ವಾರದಿಂದ ಕಂಡಕಂಡವರಿಗೆಲ್ಲ ಹೇಳಿದ್ದಳು.

ಎಂಟು ಬರಲೇ ಇಲ್ಲ.

"ನಿಲ್ಲಿಸಿ!" ಎಂದಿತು ಟೀವಿಯೊಳಗಿನ ಒಂದು ದನಿ.

ಅಯ್ಯೋ, ಅಮ್ಮ! ಊಟಕ್ಕೆ ಮುಂಚೆ ಬಿಸ್ಕತ್ ಡಬ್ಬಿಗೆ ಕೈ ಹಾಕಿದರೆ ಕೇಳಿಸುವ ಅದೇ ದನಿ. ಪೈಪು ಸೋರುತ್ತಿದೆಯಂತೆ, ರಾಕೆಟ್ ಇವತ್ತು ಹಾರುವುದಿಲ್ಲವಂತೆ.

"ನಮ್ಮನೆ ನಲ್ಲಿ ದಿನಾ ಸೋರತ್ತಪ್ಪ. ನಾವೇನು ಸ್ನಾನ ನಿಲ್ಲಿಸಿದೀವಾ?" ಎಂದ ಪಕ್ಕದ ಬೆಂಚಿನ ಕನ್ನಡಕದ ಹುಡುಗ. ಸಂಜೆಯ ಹೊತ್ತಿಗೆ ಎಲ್ಲರೂ ಅವಳನ್ನು 'ನಿಲ್ಲಿಸಿ' ಎಂದೇ ಕರೆಯುತ್ತಿದ್ದರು.

ಮನೆಯಲ್ಲಿ ಅಮ್ಮ ಅಡುಗೆಯ ಹೊಸ ಗ್ಯಾಸ್ ಸಿಲಿಂಡರಿನ ಪೈಪಿಗೆ ಸೋಪಿನ ನೀರು ಸವರಿ, ಗುಳ್ಳೆ ಏಳುತ್ತದೆಯೇ ಎಂದು ನೋಡುತ್ತಿದ್ದಳು. ಗುಳ್ಳೆ ಎದ್ದರೆ ಸೋರುತ್ತಿದೆ ಎಂದರ್ಥ.

"ನನ್ನ ಮರ್ಯಾದೆ ಎಲ್ಲಾ ಹೋಯ್ತು! ಸುಮ್ನೆ ಬಿಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಅಲ್ಲೂ ಎಲ್ಲರೂ ನನ್ನ ಮುಖಾನೇ ನೋಡಿದ್ರು ಕಣೇ," ಎಂದಷ್ಟೇ ಹೇಳಿದಳು ಅಮ್ಮ. ಚಿನಕುರುಳಿ ಕಾಲು ಅಪ್ಪಳಿಸುತ್ತಾ ರೂಮಿಗೆ ಹೋದಳು.

ಶನಿವಾರ ಶಾಲೆಯಲ್ಲಿ ಬಾಟಲಿ ರಾಕೆಟ್ ಸ್ಪರ್ಧೆ. ಬಾಟಲಿಗೆ ಅರ್ಧ ನೀರು, ಬಿಗಿಯಾಗಿ ಬಿರಡೆ, ಸೈಕಲ್ ಪಂಪಿನಿಂದ ಗಾಳಿ. ದಾರ ಎಳೆದರೆ ಹಾರಬೇಕು. ಇದೊಂದು ಹಾರಿಬಿಟ್ಟರೆ ಆ ಹಾಳು ಹೆಸರು ತೊಲಗುತ್ತದೆ! ಆದರೆ ಒಮ್ಮೆ ನಿಲ್ಲಿಸಿದರೆ ಸರದಿ ಹೋಯಿತು, ಅದು ಡ್ರಿಲ್ ಮೇಷ್ಟ್ರ ರೂಲು.

ಕನ್ನಡಕದ ಹುಡುಗ ಅವಳ ಟೀಮೇ. ದಾರ ಹಿಡಿದು ನಿಂತ.

"ಮೂರು! ಎರಡು!"

ಬಿರಡೆಯ ಹೊರ ಅಂಚಿನಲ್ಲಿ ಪುಟ್ಟ ಪುಟ್ಟ ಗುಳ್ಳೆಗಳು. ನೋಡಿದ್ದು ಚಿನಕುರುಳಿ ಒಬ್ಬಳೇ. ಸುಮ್ಮನಿದ್ದುಬಿಡಲೇ?

"ನಿಲ್ಲಿಸಿ!"

ಮೈದಾನವೇ "ಥೂ!" ಎಂದಿತು. ನೂರಾರು ಮುಖಗಳು ಅವಳತ್ತ ತಿರುಗಿದವು. ಅವಳಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. "ಸೋರ್ತಿದೆ ಸಾರ್," ಎಂದಳು.

"ಏನಮ್ಮಾ, ಎಲ್ಲಿ ಸೋರ್ತಿದೆ? ನನಗಂತೂ ಏನೂ ಕಾಣ್ತಿಲ್ಲ," ಎನ್ನುತ್ತಾ ಡ್ರಿಲ್ ಮೇಷ್ಟ್ರು ಬಗ್ಗಿದರು.

ಬುಸ್! ಬಿರಡೆ ಕಳಚಿ, ಬಾಟಲಿ ಅಡ್ಡಡ್ಡ ಉರುಳಿ, ನೀರೆಲ್ಲ ಮೇಷ್ಟ್ರ ಮೀಸೆಗೆ!

"ಈಗ ಕಾಣ್ತಾ ಸಾರ್?" ಎಂದ ಕನ್ನಡಕದ ಹುಡುಗ.

ಮೈದಾನ ಬಿದ್ದು ಬಿದ್ದು ನಕ್ಕಿತು. ಸರದಿ ಮಾತ್ರ ಹೋದದ್ದು ಹೋಯಿತು. ಹೆಸರೂ ಹಾಗೇ ಉಳಿಯಿತು.

ಸಂಜೆ ಅಮ್ಮ ಕಾಗದ ಹರಡಿಕೊಂಡು ರಾಕೆಟ್ಟಿನ ಪೈಪಿನ ಚಿತ್ರದ ಮೇಲೆ ಗುರುತು ಹಾಕುತ್ತಿದ್ದಳು.

"ಅಮ್ಮಾ, ನೀನು ಒಂಬತ್ತಕ್ಕಲ್ವಾ ನಿಲ್ಲಿಸಿದ್ದು?"

"ಹೂಂ. ಯಾಕೆ?"

"ನಾನು ಎರಡಕ್ಕೆ."

ಅಮ್ಮನ ಪೆನ್ಸಿಲ್ ನಿಂತಿತು. "ಎಲ್ಲರೂ ಮುಖ ನೋಡಿದ್ರಾ?"

"ಎಲ್ಲರೂನೂ," ಎಂದಳು ಚಿನಕುರುಳಿ. "ನಿಂಗೂ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತ್ತಾ?"

ಅಮ್ಮ ಸ್ವಲ್ಪ ಸರಿದು ಕುರ್ಚಿಯಲ್ಲಿ ಜಾಗ ಮಾಡಿದಳು. ಚಿನಕುರುಳಿ ಅಲ್ಲಿ ಒತ್ತಿಕೊಂಡು ಕೂತು, ಚಿತ್ರದ ಮೇಲೆ ಬೆರಳಿಟ್ಟಳು.

"ಎಲ್ಲಿ ಸೋರ್ತಿತ್ತು, ತೋರಿಸು."