ಡೇಟಾಬೇಸಿನಲ್ಲಿಲ್ಲದ ಜೀವಾಣು

ನಾಲ್ಕು ವರ್ಷ ಕಸಾಯಿಖಾನೆಯ ಚರಂಡಿಗಳಿಗೆ ಕೈಹಾಕಿ ಬ್ಯಾಕ್ಟೀರಿಯಾ ಹೆಕ್ಕಿ ತಂದವನು ಅವನು. ಪ್ರಬಂಧ ಅಚ್ಚಾದಾಗ ಮೇಲೆ ಲ್ಯಾಬಿನ ಮುಖ್ಯಸ್ಥೆ ಮೇಡಂ ಹೆಸರು. ಅವನದು ಕೊನೆಯ ಕೃತಜ್ಞತೆಯ ಸಾಲಿನಲ್ಲಿ, ಗಾಜು ತೊಳೆಯುವವನ ಪಕ್ಕ. ಓದಿ ಮೈಯೆಲ್ಲ ಉರಿದುಹೋಯಿತು. ಮೇಡಂ ಕತ್ತು ಹಿಸುಕಿಬಿಡಬೇಕು ಅನ್ನಿಸಿತು. ಆದರೆ ಕತ್ತಿನ ಮೇಲೆ ಬೆರಳಿನ ಗುರುತು ಉಳಿಯುತ್ತದೆ. ಅವನು ಓದಿದವನು, ಅಷ್ಟು ದಡ್ಡನಲ್ಲ.

ಲ್ಯಾಬಿನ ಫ್ರೀಜರಿನಲ್ಲಿದ್ದ ಅವನ ಟ್ಯೂಬುಗಳ ಪೆಟ್ಟಿಗೆಯಲ್ಲೊಂದು ಜೀವಾಣು ಇತ್ತು, ಗಾಯಕ್ಕೆ ಬಿದ್ದರೆ ಗಂಟೆಗಳಲ್ಲೇ ಮಾಂಸ ಕೊಳೆಸುವಂಥದ್ದು. ಅದರ ಜೀನೋಮ್, ಅಂದರೆ ವಂಶವಾಹಿಯ ಅಕ್ಷರಮಾಲೆ, ಓದಿಸಿ ಕೊಟ್ಟಾಗ ಮೇಡಂ, "ಆಮೇಲೆ ನೋಡೋಣ ಬಿಡೋ," ಎಂದು ಬದಿಗಿಟ್ಟಿದ್ದರು. ಒಳ್ಳೆಯದೇ ಆಯಿತು. ಆಸ್ಪತ್ರೆಯವರು ಕೀವು ತೆಗೆದು, ಜೀನೋಮ್ ಓದಿ, ಜಗತ್ತಿನ ಡೇಟಾಬೇಸಿನಲ್ಲಿ ಹುಡುಕುತ್ತಾರೆ. ಅಲ್ಲಿಲ್ಲದ್ದು ಅವರ ಪಾಲಿಗೆ ಬರೀ ಮಣ್ಣಿನ ಸೋಂಕು. ವಾರವಿಡೀ ತಾನೇ ಹುಡುಕಿ ನೋಡಿದ. ಪ್ರತಿ ಸಲವೂ ಒಂದೇ ಉತ್ತರ: ಹೊಂದಿಕೆ ಇಲ್ಲ.

ಭಾನುವಾರ ಬೆಳಿಗ್ಗೆ ಮೇಡಂ ಮನೆಯಂಗಳದಲ್ಲಿ ಹೂಕುಂಡ ಬದಲಿಸುತ್ತಿದ್ದರು. ನೆರವಿಗೆಂದು ಹೋದವನು ರಬ್ಬರ್ ಗ್ಲೌಸ್ ತೊಟ್ಟು, ಕೈಜಾರಿದಂತೆ ಒಂದು ಕುಂಡ ಒಡೆದ. ಚೂರು ಎತ್ತಲು ಬಗ್ಗಿದ ಅವರ ಮೇಲೆ ಮುಗ್ಗರಿಸಿದಂತೆ ಬಿದ್ದು, ಆ ಜೀವಾಣು ಸವರಿ ತಂದಿದ್ದ ಚೂರನ್ನು ಅಂಗೈಗೆ ಮೂಳೆ ತಾಗುವವರೆಗೂ ಒತ್ತಿದ. ರಕ್ತ ಮೊಣಕೈಗಿಳಿಯಿತು.

"ಮೆಲ್ಲಗೆ ಹಿಡಿಯೋ, ಜೀವ ಹೋಗುತ್ತೆ!"

"ಅಯ್ಯೋ, ನನ್ನ ಕೈಗಿಷ್ಟು ಬೆಂಕಿ ಹಾಕ! ತಾಳಿ ಮೇಡಂ, ತೆಗೀತೀನಿ," ಎಂದು ಚೂರನ್ನು ಇನ್ನೊಮ್ಮೆ ತಿರುಚಿದ. ನಾಲ್ಕು ವರ್ಷದ ಸಿಟ್ಟೆಲ್ಲ ಇಳಿದು ಹಾಯೆನಿಸಿತು.

ಮರುದಿನ ಕೈ ಕಪ್ಪಾಯಿತು. ಮಂಗಳವಾರ ಭುಜದವರೆಗೆ ತೋಳು ಕತ್ತರಿಸಿದರು. ಕಿರುಚಿ ಕಿರುಚಿ ದನಿ ಕಳೆದುಕೊಂಡು ಬುಧವಾರ ಮೇಡಂ ಸತ್ತರು. ಅಷ್ಟರಲ್ಲಿ ಅವನು ಟ್ಯೂಬುಗಳನ್ನೆಲ್ಲ ಸುಟ್ಟು ಬೂದಿ ಮಾಡಿದ್ದ.

"ಇಂಥದ್ದು ನಿಮ್ಮ ಲ್ಯಾಬಲ್ಲಿ ಇತ್ತಾ?" ಡಾಕ್ಟರು ಕೇಳಿದರು.

"ಜನ್ಮದಲ್ಲೇ ನೋಡಿಲ್ಲ ಸಾರ್. ಕುಂಡದ ಮಣ್ಣಿಂದ ಬಂದಿರಬೇಕು."

ಪೊಲೀಸರು ಅದನ್ನೇ ಬರೆದುಕೊಂಡರು. ಅವನು ರುಜು ಹಾಕಿದ. ಮೇಡಂ ಗಂಡ ಅವನ ಹೆಗಲಿಗೊರಗಿ ಅತ್ತರು. "ನಿನ್ನ ಕಂಡ್ರೆ ಅವಳಿಗೆ ಜೀವ ಕಣಪ್ಪಾ." ಹೆಣದ ಮುಂದೆ ಎಲ್ಲರೂ ಹೀಗೇ ಅನ್ನುತ್ತಾರೆ ಅಂದುಕೊಂಡ.

ಡೇಟಾಬೇಸಿಗೆ ಕಳಿಸಿದ್ದೆಲ್ಲ ಕೂಡಲೇ ಕಾಣುವುದಿಲ್ಲ. ಕಳಿಸಿದವರು ಹೇಳಿದ ತಾರೀಖಿನವರೆಗೆ ಮುಚ್ಚಿಟ್ಟಿರುತ್ತಾರೆ. ಅವನಿಗೆ ಗೊತ್ತಿದ್ದದ್ದೇ, ಹೊಳೆಯಲಿಲ್ಲ ಅಷ್ಟೆ. ದಿನವೂ ಹುಡುಕುತ್ತಿದ್ದ ಡಾಕ್ಟರಿಗೆ ಹತ್ತನೇ ದಿನ, ಆಗಷ್ಟೇ ತೆರೆದ ಒಂದು ದಾಖಲೆ ಅಕ್ಷರಕ್ಕಕ್ಷರ ಹೊಂದಿತು. ಅದರ ಪ್ರಕಾರ ಜೀವಾಣು ಸಿಕ್ಕಿದ್ದು ಕಸಾಯಿಖಾನೆಯ ಚರಂಡಿಯಲ್ಲಿ. ಎರಡು ತಿಂಗಳ ಹಿಂದೆ ಕಳಿಸಿದ್ದವರು ಮೇಡಂ. ಆದರೆ ಕಂಡುಹಿಡಿದವರು ಎಂಬ ಜಾಗದಲ್ಲಿ ಅವರು ತಮ್ಮ ಹೆಸರು ಹಾಕಿರಲಿಲ್ಲ, ಅಲ್ಲಿದ್ದದ್ದು ಅವನದೊಂದೇ.