ರೆಪ್ಪೆ ಬಡಿಯುವ ದೀಪ

ಅಂದಾನೆಪ್ಪನ ಹೆಣವನ್ನು ಮೊದಲು ಕಂಡವಳು ಮಾನವ್ವ.

ಬುಧವಾರ ಮುಂಜಾನೆ. ಆಡುಗಳನ್ನು ಹೊಡೆದುಕೊಂಡು ಜಕ್ಕಲಿ ರಸ್ತೆಗೆ ಬಂದಿದ್ದಳು. ಬದಿಯ ತಗ್ಗಿನಲ್ಲಿ ಮೊಪೆಡ್ಡೊಂದು ಚಕ್ರ ಮೇಲೆ ಮಾಡಿ ಬಿದ್ದಿತ್ತು. ಅದರಾಚೆ ಹರಿದ ಸೀರೆಗಂಟು. ಅದರಾಚೆ ಅಂದಾನೆಪ್ಪ, ಗಜೇಂದ್ರಗಡದ ನೇಕಾರ, ಅರವತ್ತು ದಾಟಿದವನು. ಮೈ ಕೊರಡಾಗಿತ್ತು.

ಮಾನವ್ವ ಕೂಗಲಿಲ್ಲ. ಇಪ್ಪತ್ತು ವರ್ಷದ ಹಿಂದೆ ಜ್ವರವೊಂದು ಅವಳ ಎರಡೂ ಕಿವಿಗಳನ್ನು ಒಯ್ದಿತ್ತು. ಕೂಗಿದರೆ ಯಾರಾದರೂ ಓಗೊಟ್ಟರೋ ಇಲ್ಲವೋ ತಿಳಿಯದವರು ಕೂಗುವುದನ್ನೇ ಬಿಟ್ಟುಬಿಡುತ್ತಾರೆ. ರಸ್ತೆಯ ನಡುವೆ ಎರಡೂ ಕೈ ಎತ್ತಿ ನಿಂತು ಮೊದಲ ಬಸ್ಸನ್ನು ತಡೆದಳು.

ಡಾಕ್ಟರು ಹೇಳಿದ್ದಿಷ್ಟು. ಮಂಗಳವಾರ ಸಂಜೆ ಯಾವುದೋ ಗಾಡಿ ಬಡಿದಿದೆ. ಕೂಡಲೇ ಸತ್ತಿಲ್ಲ. ಎರಡು ಮೂರು ತಾಸು ಜೀವ ಹಿಡಿದುಕೊಂಡಿದ್ದಾನೆ. ಆಗಲೇ ದವಾಖಾನೆಗೆ ತಂದಿದ್ದರೆ ಉಳಿಯುತ್ತಿದ್ದ.

ಮಧ್ಯಾಹ್ನದೊಳಗೆ ಬಸ್ಯಾ ಲಾಕಪ್ಪಿನಲ್ಲಿದ್ದ. ಜಕ್ಕಲಿಯ ನಾಲ್ಕು ಜನ ಒಂದೇ ಮಾತು ಹೇಳಿದ್ದರು. ಮಂಗಳವಾರ ದೀಪ ಹಚ್ಚುವ ಹೊತ್ತಿಗೆ ಊರಾಚೆ ಧಬ್ ಧಬ್ ಸಪ್ಪಳ ಕೇಳಿತ್ತು. ರೋಣ, ನರಗುಂದ, ಗಜೇಂದ್ರಗಡ ಮೂರೂ ಕಡೆ ಧಬ್ ಧಬ್ ಅಂದರೆ ಬಸ್ಯಾನ ಬಾಡಿಗೆ ಕಾರು. ಮದುವೆ ಮೆರವಣಿಗೆಗೆಂದು ಡಿಕ್ಕಿ ತುಂಬ ಸ್ಪೀಕರು, ಅಂಪ್ಲಿಫೈಯರು ಇಟ್ಟುಕೊಂಡವನು. ಸಾಲದ್ದಕ್ಕೆ ಬಂಪರಿನಲ್ಲಿ ನೆಗ್ಗು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಠಾಣೆಗೆ ಇನ್ನೇನು ಬೇಕು?

* * *

ರೋಣದ ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ‘ಮುನಾವರ ಆಟೋ ಇಲೆಕ್ಟ್ರಿಕ್ಸ್’ ಅನ್ನುವ ಬೋರ್ಡಿದೆ. ಮುನಾವರ ತೀರಿಕೊಂಡು ನಾಲ್ಕು ವರ್ಷ. ಅಂಗಡಿ ನಡೆಸುವವಳು ಹೆಂಡತಿ ಕೌಸರ. ಗಂಡನ ಪಕ್ಕ ಕೂತು ಹದಿನೈದು ವರ್ಷ ವೈರು ಹಿಡಿದು ಕಲಿತ ಕೆಲಸ. ಅಂಗಡಿಯಲ್ಲಿ ಎರಡು ಸ್ಟೂಲು. ಒಂದರ ಮೇಲೆ ಅವಳು. ಇನ್ನೊಂದರ ಮೇಲೆ ದಿನಕ್ಕೊಮ್ಮೆ ಬಂದು ಕೂತು, ‘ಅಕ್ಕಾ, ಚಾ ಹೇಳ್ಲಿ?’ ಅನ್ನುತ್ತಿದ್ದವನು ಬಸ್ಯಾ ಒಬ್ಬನೇ. ಹೆಂಗಸಿನ ಕೈಯಲ್ಲಿ ಗಾಡಿ ಕೊಡುವವರು ಕೊಡುತ್ತಿದ್ದರು, ಮಾತು ಮಾತ್ರ ಯಾರೂ ಕೊಡುತ್ತಿರಲಿಲ್ಲ. ಬಸ್ಯಾ ಜೈಲಿಗೆ ಹೋದರೆ ಆ ಸ್ಟೂಲು ಖಾಲಿ. ಅವಳಿಗೆ ಅಷ್ಟು ಸಾಕಿತ್ತು ಹೆದರಲು.

ಬುಧವಾರ ಸಂಜೆ ಠಾಣೆಯಿಂದ ಕರೆ ಬಂತು. ಬಸ್ಯಾನ ಕಾರಿನ ಸಪ್ಪಳ ಎಷ್ಟು ದೂರ ಕೇಳುತ್ತದೆ ಎಂದು ಪಂಚನಾಮೆ ಮಾಡಬೇಕು, ಹಚ್ಚಲು ಯಾರಿಗೂ ಬರುವುದಿಲ್ಲ. ವೈರಿಂಗ್ ಮಾಡಿದವಳು ಅವಳೇ.

ಠಾಣೆಯ ಬೇವಿನ ಗಿಡದ ಕೆಳಗೆ ಅಂದಾನೆಪ್ಪನ ಹೆಂಡತಿ ಶೇಖವ್ವ ಕೂತಿದ್ದಳು. ಅಳು ಮುಗಿದ ಮುಖ. ಅವಳಿಗೆ ಚಹಾ ಹಿಡಿದು ನಿಂತವನು ಕಳಕೇಶ, ಗಜೇಂದ್ರಗಡದ ಸೀರೆ ವ್ಯಾಪಾರಿ. ನೂಲು ಕೊಟ್ಟು ಅಂದಾನೆಪ್ಪನಿಂದ ಸೀರೆ ನೇಯಿಸುತ್ತಿದ್ದ ಸಾವ್ಕಾರ. ಹೆಂಡತಿ ಸುವರ್ಣಾ ತೀರಿ ಎರಡು ವರ್ಷವಾಗಿತ್ತು, ಮಕ್ಕಳಿರಲಿಲ್ಲ.

ಎಎಸ್‌ಐ ಶಂಭುಲಿಂಗ ಬಾನೆಟ್ಟಿನೊಳಗೆ ಇಣುಕಿ ಹುಬ್ಬೇರಿಸಿದ. ಹೆಬ್ಬೆರಳಿನಷ್ಟು ದಪ್ಪದ ಕೆಂಪು ವೈರು ಬ್ಯಾಟರಿಯಿಂದ ನೇರ ಡಿಕ್ಕಿಗೆ ಹೋಗಿತ್ತು.

“ಗಾಡಿಗಿದ್ದ ವೈರ್ ಸಾಲಂಗಿಲ್ಲೇನ್ ಕೌಸರಬಿ? ಇದೆಲ್ಲ ನಿಮ್ಮ ಮೆಕ್ಯಾನಿಕ್ಕರ ಆಟ.”

“ಸಣ್ಣ ಅಂಪ್ಲಿಫೈಯರ್ ಇದ್ರ ಸಾಲ್ತದ್ರಿ. ದೊಡ್ಡದಿದ್ರ ಸಾಲಂಗಿಲ್ಲ. ಒಂದ ನಳಕ್ಕ ಎರಡು ಕೊಡ ಹಿಡದಂಗ. ಅದು ತುಂಬಿದ್ರ ಇದು ಖಾಲಿ.”

ಅವಳು ಹಾಡು ಹಚ್ಚಿದಳು. ಠಾಣೆಯ ಕಿಟಕಿಗಳು ನಡುಗಿದವು. ಬಂದ್ ಮಾಡಿದಾಗ ಕಳಕೇಶ ಪಕ್ಕದಲ್ಲಿ ನಿಂತಿದ್ದ.

ಅಷ್ಟರಲ್ಲಿ ಗೇಟಿನೊಳಗೆ ಮಾನವ್ವ ಬಂದಳು. ಕೇಳುವವರು ಇದ್ದಾರೋ ಇಲ್ಲವೋ ನೋಡದೆ, ತನಗೇ ಕೇಳದ ಗಟ್ಟಿ ದನಿಯಲ್ಲಿ ಹೇಳತೊಡಗಿದಳು. ನಿನ್ನೆ ಸಂಜೆ ಆ ಗಾಡಿ ನೋಡಿದ್ದೇನೆ. “ಅದರ ಲೈಟ ರೆಪ್ಪಿ ಬಡೀತಿತ್ರಿ ಸಾಹೇಬ್ರ. ನನ್ನ ಎದ್ಯಾಗ ಧಬ್ ಅಂದಾಗೊಮ್ಮೆ ಲೈಟ ಸಣ್ಣ ಆಗ್ತಿತ್ತು.”

ಶಂಭುಲಿಂಗ ಕೈ ಬೀಸಿದ. ಕಿವುಡಿಯ ಸಾಕ್ಷಿ ತೆಗೆದುಕೊಂಡು ಸಪ್ಪಳದ ಕೇಸು ನಡೆಸಿದರೆ ಕೋರ್ಟಿನಲ್ಲಿ ನಗುತ್ತಾರೆ ಎಂದ. ಕಳಕೇಶ ಮಾತ್ರ ಮೆಲ್ಲಗೆ ಕೌಸರಳನ್ನು ಕೇಳಿದ.

“ಈ ದಪ್ಪ ವೈರ್ ಹಾಕಿದ್ರ ಲೈಟ ಸಣ್ಣ ಆಗೂದಿಲ್ಲೇನವ್ವಾ?”

“ಬ್ಯಾಟರಿಯಿಂದ ಬ್ಯಾರೆ ದಾರಿ ಮಾಡಿ ಕೊಟ್ರ ಯಾಕ ಆಗ್ತದ್ರಿ?” ಎಂದಳು ಕೌಸರ. ಅವಳ ಲಕ್ಷ್ಯವೆಲ್ಲ ಮಾನವ್ವನ ಮೇಲಿತ್ತು.

ಲಾಕಪ್ಪಿನ ಸರಳಿನಾಚೆ ಬಸ್ಯಾ ತಲೆ ತಗ್ಗಿಸಿ ಕೂತಿದ್ದ. ಬಂಪರಿನ ನೆಗ್ಗು ಟ್ರ್ಯಾಕ್ಟರ್ ಟ್ರೇಲರಿಗೆ ಬಡಿದದ್ದು, ಹಳೆಯದು. ಮಂಗಳವಾರ ಸಂಜೆ ಎಲ್ಲಿದ್ದೆ ಎಂದರೆ ಕೊಣ್ಣೂರ ಸೇತುವೆ ಬಳಿ ಎಂದ. ಬಾಡಿಗೆ ಇಲ್ಲದ ದಿನ ಅಲ್ಲಿಗೆ ಹೋಗಿ, ಹಾಡು ಬಂದ್ ಮಾಡಿ, ಮಲಪ್ರಭೆ ನೋಡುತ್ತ ಕೂರುತ್ತಾನಂತೆ.

“ಯಾರರ ನೋಡ್ಯಾರೇನು?”

“ಯಾರೂ ನೋಡಬಾರ್ದಂತನ ಹೋಗ್ತೀನಲ್ಲಕ್ಕಾ.”

* * *

ಗಂಡನ ಹಳೆಯ ವ್ಯಾನಿನಲ್ಲಿ ಕೌಸರ ಮಾನವ್ವನನ್ನು ಅವಳ ಗುಡಿಸಲಿಗೆ ಬಿಟ್ಟಳು. ರಸ್ತೆಯಿಂದ ಎರಡು ಹೊಲ ದಾಟಿ ಒಂಟಿ ಗುಡಿಸಲು. ಮುಂದೊಂದು ಚಪ್ಪಡಿ ಕಲ್ಲು. ಕೌಸರ ಕೈಸನ್ನೆಯಲ್ಲಿ ಕೇಳಿದಳು: ಸಪ್ಪಳ ನಿನಗೆ ಹೇಗೆ ತಿಳಿಯಿತು?

ಮಾನವ್ವ ಅವಳ ಕೈ ಹಿಡಿದು ತನ್ನ ಎದೆಯ ಮೇಲೆ ಇಟ್ಟುಕೊಂಡಳು.

“ಕಿವಿಗೆ ಬರೂದಿಲ್ಲವಾ. ನೆಲದಾಗಿಂದ ಬರ್ತದ. ಕಾಲಾಗ ಹತ್ತಿ ಇಲ್ಲಿ ಬಡೀತದ. ದಿನಾ ಸಂಜಿ ಈ ಕಲ್ಲಿನ ಮ್ಯಾಲೆ ಕುಂದರ್ತೀನಿ, ಅದಕ್ಕ.”

ಹೀಗೆ ಎದೆಗೆ ಬಡಿಯುವ ಗಾಡಿ ಎರಡು ಎಂದಳು. ಒಂದು ಯಾವಾಗಲೋ ಒಮ್ಮೆ ಬರುತ್ತದೆ, ಅದರ ದೀಪ ಗಟ್ಟಿ. ಇನ್ನೊಂದು ದಿನಾ ಸಂಜೆ ಬರುತ್ತದೆ, ಅದು ರೆಪ್ಪೆ ಬಡಿಯುತ್ತದೆ. ಮಂಗಳವಾರ ಬಂದದ್ದು ಎರಡನೆಯದು. ನಡುದಾರಿಯಲ್ಲಿ ನಿಂತಿತು. ಎದೆಬಡಿತ ನಿಂತಿತು. ದೀಪ ಗಟ್ಟಿಯಾಯಿತು. ಒಬ್ಬ ಇಳಿದ, ತಗ್ಗಿನ ಕಡೆ ಹೋದ, ಸ್ವಲ್ಪ ಹೊತ್ತು ನಿಂತ, ತಿರುಗಿ ಬಂದ. ಮತ್ತೆ ಎದೆ ಬಡಿಯಿತು. ದೀಪ ಮತ್ತೆ ರೆಪ್ಪೆ ಬಡಿಯುತ್ತ ಹೋಯಿತು.

“ಮೂತ್ರಕ್ಕ ನಿಂತಾನಂತ ತಿಳದೆ. ಆಗ ನಾ ಹೋಗಿ ನೋಡಿದ್ರ ಆ ಮುದುಕ ಉಳೀತಿದ್ದ.”

ಕೌಸರ ಕೈ ಹಿಂದೆ ತೆಗೆಯದೆ ಹಾಗೇ ಕೂತಳು.

ವ್ಯಾನಿನಲ್ಲಿ ಮರಳುವಾಗ ಲೆಕ್ಕ ಸರಳವಾಗಿತ್ತು. ಬಸ್ಯಾನ ಗಾಡಿಯ ದೀಪ ರೆಪ್ಪೆ ಬಡಿಯುವುದಿಲ್ಲ, ವೈರು ತಾನೇ ಎಳೆದದ್ದು. ಬಡಿದ ಗಾಡಿಯಲ್ಲಿ ದೊಡ್ಡ ಅಂಪ್ಲಿಫೈಯರು ಇದೆ, ಆದರೆ ಗಾಡಿಯ ಸಣ್ಣ ವೈರಿಗೇ ಜೋಡಿಸಿದೆ. ‘ಹೊಸ ಗಾಡಿ, ತೂತು ಕೊರೀಬ್ಯಾಡ, ಇದ್ದ ವೈರಿಗೇ ಹಚ್ಚು’ ಎಂದು ಬಂದ ಐದಾರು ಜನರನ್ನು ಅವಳು ತಿರುಗಿ ಕಳಿಸಿದ್ದಳು. ಅವರೆಲ್ಲ ಹೋಗುವುದು ಒಂದೇ ಕಡೆ, ನರಗುಂದದ ಜಮಾಲಸಾಬನ ಹತ್ತಿರ. ಮುನಾವರನಿಗೆ ಕೆಲಸ ಕಲಿಸಿದ ಉಸ್ತಾದ. ಗಿರಾಕಿಯ ಮಾತಿಗೆ ಇಲ್ಲ ಅನ್ನಲು ಬಾರದ ಮನುಷ್ಯ.

* * *

ಶುಕ್ರವಾರ ನರಗುಂದದಲ್ಲಿ ಜಮಾಲಸಾಬ ಅವಳ ಮಾತು ಪೂರ್ತಿ ಕೇಳಿಸಿಕೊಂಡ. ಆಮೇಲೆ ಎದ್ದು ಮೂಲೆಯ ರಾಶಿಯಿಂದ ಒಂದು ತುಂಡು ವೈರು ಎಳೆದು ಅವಳ ಕೈಗೆ ಹಾಕಿದ. ಮೇಲಿನ ರಬ್ಬರು ಕಾದು ಮೆತ್ತಗಾಗಿತ್ತು.

“ನಿನ್ನೆ ಮುಂಜಾನೆ ಕಿತ್ತದ್ದು, ಬೇಟಾ. ನಾ ಅಂಗಡಿ ಬಾಗಿಲಾ ತಗಿಯೂ ಮುಂಚೇನ ಬಂದು ನಿಂತಿದ್ರು. ವರ್ಷಾ ಆತು, ಸುಟ್ಟೀತು ದಪ್ಪಂದ ಹಾಕಸ್ರಿ ಅಂತಿದ್ದೆ. ಕೇಳಿದ್ದಿಲ್ಲ. ನಿನ್ನೆ ತಾವ ಬಂದು ಲಗೂ ಹಾಕು ಅಂದ್ರು.”

“ಯಾರು ಚಾಚಾ?”

ಜಮಾಲಸಾಬ ಹೆಸರು ಹೇಳಿದ. ಕೌಸರ ಆ ತುಂಡು ವೈರನ್ನು ಚೀಲಕ್ಕೆ ಹಾಕಿಕೊಂಡಳು. ದೀಪ ಸಣ್ಣಗಾಗದಂತೆ ಏನು ಮಾಡಬೇಕೆಂದು ಬುಧವಾರ ಠಾಣೆಯಲ್ಲಿ ಆ ಮನುಷ್ಯನಿಗೆ ಹೇಳಿಕೊಟ್ಟವಳು ತಾನೇ.

“ಇನ್ನೊಂದು,” ಎಂದ ಮುದುಕ. “ಗಾಡಿ ಮುಂದಿನ ಜಾಳಗಿ ಹಿಂದ, ಹಾರ್ನಿಗೆ ಕೆಂಪು ನೂಲು ಸುತ್ತಿತ್ತು. ಸೀರಿ ವ್ಯಾಪಾರದವರ ಗಾಡಿ, ಇರ್ತದ ಅಂತ ಬಿಟ್ಟೆ.”

* * *

ಅದೇ ಸಂಜೆ, ದೀಪ ಹಚ್ಚುವ ಹೊತ್ತು. ಠಾಣೆಯ ಅಂಗಳದಲ್ಲಿ ಎರಡು ಕಾರು ಗೋಡೆಗೆ ಮುಖ ಮಾಡಿ ನಿಂತಿದ್ದವು. ಒಂದು ಬಸ್ಯಾನದು. ಇನ್ನೊಂದು ಕಳಕೇಶನದು. ಹೇಳಿಕೆಗೆ ಸಹಿ ಹಾಕಲು ಶಂಭುಲಿಂಗ ಅವನನ್ನು ಕರೆಸಿದ್ದ. ಕಿವುಡಿಯ ಮಾತು ನಂಬದಿದ್ದರೂ ಕೌಸರ ತಂದು ತೋರಿಸಿದ ಮೆತ್ತಗಾದ ವೈರನ್ನು ಅವನು ನಂಬಿದ್ದ. ಮಾನವ್ವ, ಶೇಖವ್ವ, ಜಮಾಲಸಾಬ ಬೇವಿನ ಕೆಳಗಿದ್ದರು.

ಕೌಸರ ಮೊದಲು ಬಸ್ಯಾನ ಗಾಡಿ ಹಚ್ಚಿದಳು. ಧಬ್ ಧಬ್. ಗೋಡೆಯ ಮೇಲಿನ ಬೆಳಕು ಅಲುಗಲಿಲ್ಲ. ಮಾನವ್ವ ಎದೆಯ ಮೇಲೆ ಕೈಯಿಟ್ಟು, “ಇದಲ್ಲ” ಎಂದಳು.

ಆಮೇಲೆ ಕಳಕೇಶನ ಗಾಡಿ. ಅದರ ಬೆಳಕೂ ಅಲುಗಲಿಲ್ಲ.

“ನೋಡ್ರಿ ಸಾಹೇಬ್ರ,” ಎಂದ ಕಳಕೇಶ. “ಹಾಡು ಕೇಳೂದು ತಪ್ಪೇನು?”

“ತಪ್ಪಲ್ರಿ,” ಎಂದಳು ಕೌಸರ. “ಚಾಚಾ, ಮೊದಲಿನಂಗ ಜೋಡಸ್ರಿ.”

ಜಮಾಲಸಾಬ ಬಾನೆಟ್ ಎತ್ತಿದ. ದಪ್ಪ ವೈರು ಬಿಚ್ಚಿ, ಮೆತ್ತಗಾದ ಹಳೆಯ ತುಂಡನ್ನು ಮೊದಲಿದ್ದಲ್ಲಿಗೇ ಸೇರಿಸಿದ. ಹತ್ತು ನಿಮಿಷ. ಕಳಕೇಶ ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡ. ಕೌಸರ ಮತ್ತೆ ಹಾಡು ಹಚ್ಚಿದಳು.

ಧಬ್. ಗೋಡೆಯ ಬೆಳಕು ಕುಗ್ಗಿತು. ಧಬ್. ಮತ್ತೆ ಕುಗ್ಗಿತು.

ಮಾನವ್ವ ಎರಡು ಹೆಜ್ಜೆ ಹಿಂದೆ ಸರಿದಳು. ಯಾರೂ ಅವಳನ್ನು ಕೇಳಿರಲಿಲ್ಲ. “ಇದ,” ಎಂದಳು. “ಇದ ನೋಡ್ರಿ. ದಿನಾ ಬರೂದು ಇದ.”

ಕೌಸರ ಹಾಡು ಬಂದ್ ಮಾಡಿದಳು.

“ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡಿಕೊಂಡಂಗಾತ್ರಿ ಸಾವ್ಕಾರ್ರ. ಲೈಟ ರೆಪ್ಪಿ ಬಡೀತಿತ್ತಂತ ಮಾನವ್ವ ಹೇಳಿದ್ದು ಬುಧವಾರ ಸಂಜಿ, ಇದ ಅಂಗಳದಾಗ. ಸಾಹೇಬ್ರು ಕಿವ್ಯಾಗ ಹಾಕ್ಕೊಳ್ಳಲಿಲ್ಲ. ನೀವು ಹಾಕ್ಕೊಂಡ್ರಿ. ವರ್ಷಾನಗಟ್ಲೆ ಬ್ಯಾಡ ಅಂದ ವೈರು ಗುರುವಾರ ಮುಂಜಾನೆ ಯಾಕ ಬೇಕಾತು?”

ಊರೊಳಗೆ ಯಾರಿಗೂ ಇವನ ಸಪ್ಪಳ ಗೊತ್ತಿರಲಿಲ್ಲ, ಯಾಕೆಂದರೆ ಊರು ಬಂದರೆ ಬಂದ್ ಮಾಡಿ, ಊರು ದಾಟಿದ ಮೇಲೆ ಹಚ್ಚುತ್ತಿದ್ದಿರಬೇಕು. ದೂರದಿಂದ ಕೇಳಿದ ಜಕ್ಕಲಿಯವರು ಧಬ್ ಧಬ್ ಎಂದರೆ ಬಸ್ಯಾ ಅಂದುಕೊಂಡರು. ಇಷ್ಟನ್ನು ಅವಳು ಶಂಭುಲಿಂಗನಿಗೆ ಬಿಡಿಸಿ ಹೇಳಿದಳು. ಆಮೇಲೆ ಮುಂಗಡೆಯ ಜಾಳಗಿ ತೆಗೆಸಿದಳು. ಹೊರಗೆಲ್ಲ ತೊಳೆದಿದ್ದ ಗಾಡಿ. ಒಳಗೆ ಹಾರ್ನಿಗೆ ಕೆಂಪು ರೇಷ್ಮೆ ನೂಲು ಸುತ್ತಿಕೊಂಡೇ ಇತ್ತು, ಅದಕ್ಕೆ ಗೇಣುದ್ದ ಸೆರಗಿನ ಅಂಚು. ಶೇಖವ್ವ ಬಂದು ಮುಟ್ಟಿ ನೋಡಿದಳು. ತನ್ನ ಮಗ್ಗದ ಅಂಚು ಹೆಂಗಸಿಗೆ ಗೊತ್ತಾಗದೆ ಇರುತ್ತದೆಯೇ?

“ಗಂಟಿನಾಗ ಇದ್ದ ಸೀರಿರಿ. ಸೋಮವಾರ ಮಗ್ಗದಿಂದ ಇಳಿಸಿದ್ದು.”

ಕಳಕೇಶ ಬೇವಿನ ಕಟ್ಟೆಯ ಮೇಲೆ ಕೂತ. ಅವನು ಅಲ್ಲಗಳೆಯಲಿಲ್ಲ. ಸುವರ್ಣಾ ಹೋದ ಮೇಲೆ ಮನೆಯಲ್ಲಿ ಗಡಿಯಾರದ ಸಪ್ಪಳವೂ ಕೇಳುತ್ತಿತ್ತಂತೆ. ಅದಕ್ಕೇ ಗಾಡಿಯಲ್ಲಿ ಅಷ್ಟು ದೊಡ್ಡ ಸಪ್ಪಳ ಹಾಕಿಸಿಕೊಂಡು, ಕೆಲಸವಿಲ್ಲದಿದ್ದರೂ ದಿನಾ ಸಂಜೆ ರೋಣದವರೆಗೆ ಹೋಗಿ ಬರುತ್ತಿದ್ದ. ಮಂಗಳವಾರ ದೀಪ ಕುಗ್ಗಿದ ಒಂದು ಗಳಿಗೆಯಲ್ಲಿ ಮೊಪೆಡ್ಡು ಕಾಣಲಿಲ್ಲ.

“ಬಡದದ್ದು ಕಾಣಲಾರದ್ದಕ್ಕ ಆತು,” ಎಂದಳು ಶೇಖವ್ವ. “ಇಳದು ನೋಡೀರಲ್ಲ. ಮಾತಾಡಿದ್ನೇನ್ರಿ ನಮ್ಮ ಯಜಮಾನ?”

ಕಳಕೇಶ ನೆಲ ನೋಡುತ್ತ ಹೇಳಿದ.

“ಗುರ್ತ ಹಿಡದ. ‘ಸಾವ್ಕಾರ್ರ ಬಂದ್ರಿ? ಚಲೋ ಆತು’ ಅಂದ. ಆಮ್ಯಾಲೆ ಬರೇ ಉಸುರು ಕೇಳಿಸ್ತು. ಸುವರ್ಣಾನ ಕಡೀ ಉಸುರೂ ಹಂಗ ಇತ್ತು. ಆ ಸಪ್ಪಳ ಕೇಳಾಕ ಆಗಲಿಲ್ಲ ನನಗ. ಹೋಗಿ ಹಾಡು ಹಚ್ಚಿದೆ.”

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ದಪ್ಪ ವೈರು ಹಾಕಿಸಿದ್ದ. ಹೊರೆ ತನ್ನದು, ಹೊತ್ತವನು ಬಸ್ಯಾ ಆಗಲಿ ಎಂದು ಸುಮ್ಮನೂ ಇದ್ದ. ಆದರೂ ಆ ಗಳಿಗೆಯಲ್ಲಿ ಕೌಸರಳಿಗೆ ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆಯಾಯಿತು. ತನ್ನ ಮನೆಯ ಗಡಿಯಾರವೂ ಅವಳಿಗೆ ಕೇಳುತ್ತಿತ್ತು.

* * *

ಬಿಡುಗಡೆಯಾಗಿ ಬಂದ ಬಸ್ಯಾ ಮೊದಲು ಮಾಡಿದ ಕೆಲಸ ಅಂಪ್ಲಿಫೈಯರು ಬಿಚ್ಚಿಸಿದ್ದು. ಆ ಸಪ್ಪಳ ಕೇಳಿದರೆ ಲಾಕಪ್ಪು ನೆನಪಾಗುತ್ತದೆ ಎಂದ. ಸ್ಪೀಕರುಗಳು ಕೌಸರಳ ಅಂಗಡಿಯ ಮೂಲೆ ಸೇರಿದವು.

ವಾರದ ಮೇಲೆ ಅವಳು ಮಾನವ್ವನನ್ನು ನೋಡಲು ಹೋದಳು. ಹೊತ್ತು ಮುಳುಗುತ್ತಿತ್ತು. ಮುದುಕಿ ಕಲ್ಲಿನ ಮೇಲೆ ಕೂತು ರಸ್ತೆಯನ್ನೇ ನೋಡುತ್ತಿದ್ದಳು.

“ಆ ಗಾಡಿ ಇನ್ನ ಬರೂದಿಲ್ಲಲ್ಲವಾ?”

ಕೌಸರ ಇಲ್ಲವೆಂದು ತಲೆಯಾಡಿಸಿದಳು.

“ನನಗ ಗೊತ್ತಿತ್ತು. ಗೊತ್ತಿದ್ದೂ ಹೇಳೀನಿ.”

ಇಪ್ಪತ್ತು ವರ್ಷದಲ್ಲಿ ದಿನಾ ಆಕೆಯ ತನಕ ಬಂದ ಸಪ್ಪಳವೆಂದರೆ ಅದೊಂದೇ. ಗುರುತಿಲ್ಲದ ಬಸ್ಯಾನಿಗಾಗಿ ಅದನ್ನು ಒಯ್ದು ಠಾಣೆಗೆ ಕೊಟ್ಟು ಬಂದಿದ್ದಳು.

ಮರುದಿನ ಅವಳು ಬೇರೆ ಕೆಲಸ ಮುಟ್ಟಲಿಲ್ಲ. ಗಂಡನ ವ್ಯಾನಿನಲ್ಲಿ ನಾಲ್ಕು ವರ್ಷದಿಂದ ರೇಡಿಯೋ ಕೂಡ ಹಚ್ಚಿರಲಿಲ್ಲ. ಬಸ್ಯಾ ಸ್ಪೀಕರು ಎತ್ತಿ ಕೊಟ್ಟ. ಅವಳು ಬ್ಯಾಟರಿಯಿಂದ ಹೆಬ್ಬೆರಳು ದಪ್ಪದ ವೈರು ಎಳೆದಳು.

ಸಂಜೆ ಹೊಲದ ದಾರಿಯಲ್ಲಿ ವ್ಯಾನು ಇಳಿಯಿತು. ಕಲ್ಲಿನ ಮೇಲೆ ಕೂತಿದ್ದ ಮಾನವ್ವನ ಕೈ ತಾನಾಗಿ ಎದೆಗೆ ಹೋಯಿತು. ಬರುತ್ತಿದ್ದ ದೀಪಗಳನ್ನು ಕಣ್ಣು ಕಿರಿದು ಮಾಡಿ ನೋಡಿದಳು.

“ಇದರ ಲೈಟ ರೆಪ್ಪಿ ಬಡಿಯೂದಿಲ್ಲ,” ಎಂದಳು.

ಕೌಸರ ಇಳಿದು ಬಂದು, ಹಾಡು ಬಂದ್ ಮಾಡದೆ, ಆ ಕಲ್ಲಿನ ಮೇಲೆ ಅವಳ ಪಕ್ಕದಲ್ಲಿ ಕೂತಳು.